ಟ್ರ್ಯಾಕ್ಟರಿಗೆ ಬ್ಯಾಕ್‌ಹೋ ಹೈಡ್ರಾಲಿಕ್ ಜೋಡಣೆ: ಪಂಪು, ಪೈಪು ಮತ್ತು ವಾಪಸ್ ದಾರಿ

ನಾಲೆ ನೀರು ನಿಂತ ಮೇಲೆ ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಬಸಿಗಾಲುವೆ ತೋಡುವುದು, ಬದ ಸರಿಮಾಡುವುದು, ತೆಂಗಿನ ಗುಂಡಿ ತೆಗೆಯುವುದು ಎಲ್ಲ ಒಟ್ಟಿಗೆ ಬರುತ್ತದೆ. ದೊಡ್ಡ ಜೇಸಿಬಿ ಇಳಿಯಲಾಗದ ಗದ್ದೆಗೆ, ಅದು ತಿರುಗಲಾಗದ ತೋಟಕ್ಕೆ 45ರಿಂದ 55 ಎಚ್‌ಪಿ ಟ್ರ್ಯಾಕ್ಟರಿನ ಹಿಂದೆ ಕಟ್ಟಿದ, ಎಣ್ಣೆಯ ಒತ್ತಡದಿಂದ ಆಡುವ ತೋಡುವ ತೋಳು, ಅಂದರೆ ಬ್ಯಾಕ್‌ಹೋ ಚೆನ್ನಾಗಿ ಒದಗುತ್ತದೆ. ಕಬ್ಬಿಣದ ಕೆಲಸ ಕಣ್ಣಿಗೆ ಕಾಣುವುದರಿಂದ ಅದನ್ನು ಜನ ಗಟ್ಟಿಯಾಗಿಯೇ ಮಾಡಿಸುತ್ತಾರೆ. ಎಡವುವುದು ಎಣ್ಣೆಯ ಲೆಕ್ಕದಲ್ಲಿ. ಅದರಲ್ಲೂ ಎಣ್ಣೆ ಬಕೆಟ್ಟಿನವರೆಗೆ ಹೋಗುವ ದಾರಿಗೆ ಕೊಟ್ಟಷ್ಟು ಗಮನವನ್ನು ಅದು ಟ್ಯಾಂಕಿಗೆ ವಾಪಸ್ ಬರುವ ದಾರಿಗೆ ಯಾರೂ ಕೊಡುವುದಿಲ್ಲ. ಸೀಲ್ ಹಾರುವುದು, ವಾಲ್ವ್ ಬಾಡಿ ಬಿರುಕು ಬಿಡುವುದು, ಎಣ್ಣೆ ಕಾಯುವುದು ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಕೊಳ್ಳುವ ಮೊದಲೇ ಲೆಕ್ಕ

ಒತ್ತಡ ಬೇರೆ, ಹರಿವು ಬೇರೆ. ಬಕೆಟ್ಟಿಗೆ ಬಲ ಬರುವುದು ಒತ್ತಡದಿಂದ. ವೇಗ ಬರುವುದು ನಿಮಿಷಕ್ಕೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ ಎಂಬುದರಿಂದ. 80 ಮಿ.ಮೀ ಬೋರ್ (ಒಳವ್ಯಾಸ), 700 ಮಿ.ಮೀ ಸ್ಟ್ರೋಕ್ (ಚಾಚುವ ಉದ್ದ) ಇರುವ ಬೂಮ್, ಅಂದರೆ ಮುಖ್ಯ ತೋಳಿನ ಸಿಲಿಂಡರ್ ತೆಗೆದುಕೊಳ್ಳಿ. ಪೂರ್ತಿ ಚಾಚಲು ಅದಕ್ಕೆ ಸುಮಾರು ಮೂರೂವರೆ ಲೀಟರ್ ಎಣ್ಣೆ ಬೇಕು. ನಿಮಿಷಕ್ಕೆ 42 ಲೀಟರ್ ಬಂದರೆ 5 ಸೆಕೆಂಡಿನಲ್ಲಿ ಚಾಚುತ್ತದೆ. 20 ಲೀಟರ್ ಬಂದರೆ ಹತ್ತೂವರೆ ಸೆಕೆಂಡು ಹಿಡಿಯುತ್ತದೆ. ಎರಡರಲ್ಲೂ ಒತ್ತಡ 170 ಬಾರ್ ಇದ್ದರೆ ತಳ್ಳುವ ಬಲ ಒಂದೇ, ಸುಮಾರು ಎಂಟೂವರೆ ಟನ್. ಹಾಗಾಗಿ ‘ಮಿಷನ್ ನಿಧಾನ’ ಎಂದು ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ಎಣ್ಣೆಯನ್ನು ಟ್ಯಾಂಕಿಗೆ ಬಿಡುವ ವಾಲ್ವ್) ಸ್ಕ್ರೂ ಬಿಗಿಯುವವರು ಒತ್ತಡವನ್ನಷ್ಟೇ ಏರಿಸುತ್ತಾರೆ. ಮಿಷನ್ ನಿಧಾನವಾಗಿಯೇ ಇರುತ್ತದೆ, ಹೋಸ್ ಮಾತ್ರ ಒಡೆಯುತ್ತದೆ.

ಪಂಪಿನ ಹರಿವಿನ ಲೆಕ್ಕ ಸುಲಭ: ಒಂದು ಸುತ್ತಿಗೆ ಎಷ್ಟು ಸಿಸಿ ಎಂಬುದನ್ನು ನಿಮಿಷದ ಸುತ್ತುಗಳಿಂದ ಗುಣಿಸಿ, 1,000ದಿಂದ ಭಾಗಿಸಿ, ಒಳಸೋರಿಕೆಗೆಂದು ಹತ್ತು ಪರ್ಸೆಂಟ್ ಕಳೆಯಿರಿ. ಪಿಟಿಒ (ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟು) ನಿಮಿಷಕ್ಕೆ 540 ಸುತ್ತು, ಅದಕ್ಕೆ ಮೂರು ಪಟ್ಟು ವೇಗ ಮಾಡುವ ಗೇರ್‌ಬಾಕ್ಸ್ ಹಾಕಿದರೆ 1,620. 28 ಸಿಸಿ ಗೇರ್ ಪಂಪು ಇದ್ದರೆ ಕೈಗೆ ಸಿಗುವುದು ನಿಮಿಷಕ್ಕೆ 41 ಲೀಟರ್ ಆಸುಪಾಸು. 170 ಬಾರ್‌ನಲ್ಲಿ ಇಷ್ಟು ಎಣ್ಣೆ ತಳ್ಳಲು ಹತ್ತಿರ ಹತ್ತಿರ 19 ಎಚ್‌ಪಿ ಬೇಕು. 45 ಎಚ್‌ಪಿ ಟ್ರ್ಯಾಕ್ಟರಿಗೆ ಇದು ಭಾರವಲ್ಲ.

ಎಣ್ಣೆ ಎಲ್ಲಿಂದ ತರುವುದು

ಮೂರು ದಾರಿ ಇವೆ. ಮೊದಲನೆಯದು, ಟ್ರ್ಯಾಕ್ಟರಿನ ಸ್ವಂತ ಹೈಡ್ರಾಲಿಕ್ ಪಂಪು. ನಮ್ಮಲ್ಲಿ ಓಡುವ ಮಧ್ಯಮ ಟ್ರ್ಯಾಕ್ಟರುಗಳಲ್ಲಿ ಇದರ ಹರಿವು ಸಾಮಾನ್ಯವಾಗಿ ನಿಮಿಷಕ್ಕೆ 20ರಿಂದ 40 ಲೀಟರ್ ಒಳಗೆ. ನಿಮ್ಮ ಮಾಡೆಲ್‌ಗೆ ಎಷ್ಟೆಂದು ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಬಹುತೇಕ ಟ್ರ್ಯಾಕ್ಟರುಗಳಲ್ಲಿ ಈ ಎಣ್ಣೆ ಗೇರ್‌ಬಾಕ್ಸ್ ಎಣ್ಣೆಯೇ. ಚಿಕ್ಕ ಬ್ಯಾಕ್‌ಹೋಗೆ, ದಿನಕ್ಕೆ ಒಂದೆರಡು ಗಂಟೆ ಕೆಲಸಕ್ಕೆ ಇದು ಸಾಕು. ಬಾಡಿಗೆಗೆ ದಿನವಿಡೀ ತೋಡುವುದಾದರೆ ಬೇಡ.

ಎರಡನೆಯದು, ಪಿಟಿಒಗೆ ಸಿಕ್ಕಿಸುವ ಗೇರ್‌ಬಾಕ್ಸ್ ಪಂಪು ಮತ್ತು ಬೇರೆ ಟ್ಯಾಂಕು. ಮೂರನೆಯದು, ಎಂಜಿನ್ ಮುಂದೆ ಕ್ರ್ಯಾಂಕ್ ಪುಲ್ಲಿಯಿಂದ ತಿರುಗುವ ಪಂಪು. ಮುಂದೆ ಲೋಡರ್ ಬಕೆಟ್ ಕೂಡ ಇರುವವರಿಗೆ ಇದೇ ಸರಿ. ಹಿಂದೆ ಬ್ಯಾಕ್‌ಹೋ ಒಂದೇ ಇದ್ದರೆ ಪಿಟಿಒ ಪಂಪು ಅಗ್ಗ, ಬಿಚ್ಚಿ ಹಾಕಲು ಹಗುರ. ರೋಟವೇಟರ್ ಹೊಡೆಯುವ ಕಾಲ ಬಂದಾಗ ಅರ್ಧ ಗಂಟೆಯಲ್ಲಿ ಕಳಚಬಹುದು.

ಪವರ್ ಸ್ಟೀರಿಂಗ್ ಪಂಪಿನಿಂದ ಟೀ ಜಾಯಿಂಟ್ (ಮೂರು ಬಾಯಿಯ ಜೋಡಣೆ) ಹಾಕಿ ಎಣ್ಣೆ ಕದಿಯುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಅದರ ಹರಿವು ಸಾಲುವುದಿಲ್ಲ, ಏರಿಯ ಮೇಲೆ ಸ್ಟೀರಿಂಗ್ ಕೈಕೊಟ್ಟರೆ ಟ್ರ್ಯಾಕ್ಟರ್ ನಾಲೆಗೆ ಹೋಗುತ್ತದೆ.

ಫ್ರೇಮಿನ ಬಗ್ಗೆ ಒಂದೇ ಮಾತು

ನೇಗಿಲು ಕಟ್ಟುವ ಹಿಂದಿನ ಮೂರು ಲಿಂಕಿನ ಮೇಲೆ ಬರೀ ಬ್ಯಾಕ್‌ಹೋ ನೇತುಹಾಕಬಾರದು. ಬಕೆಟ್ ನೆಲಕ್ಕೆ ಒತ್ತಿದಾಗ ಲಿಂಕುಗಳು ಮೇಲೆ ಮಡಚಿಕೊಂಡು, ಆಪರೇಟರ್ ಸೀಟು ಟ್ರ್ಯಾಕ್ಟರಿನ ಕಡೆಗೆ ಬಂದು ಮನುಷ್ಯ ಮಧ್ಯೆ ಸಿಕ್ಕಿಕೊಳ್ಳುತ್ತಾನೆ. ಹಿಂದಿನ ಆಕ್ಸಲ್ ಹೌಸಿಂಗಿನಿಂದ ಮುಂದಿನ ಬ್ರ್ಯಾಕೆಟ್ಟಿನವರೆಗೆ ಎರಡೂ ಬದಿ ಹಿಡಿದಿರುವ ಸಬ್‌ಫ್ರೇಮ್ ಇರಲೇಬೇಕು. ಇಲ್ಲದಿದ್ದರೆ ಹೊಡೆತವೆಲ್ಲ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಬೆಲ್ ಹೌಸಿಂಗ್ ಮೇಲೆ ಬಿದ್ದು, ಟ್ರ್ಯಾಕ್ಟರ್ ನಡುವಿನಲ್ಲಿ ಬಿರುಕು ಬಿಡುತ್ತದೆ. ಫ್ರೇಮ್ ಪೂರ್ತಿ ಕೂತು ಬೋಲ್ಟು ಬಿಗಿದ ಮೇಲೆಯೇ ಪೈಪಿನ ಉದ್ದ ಅಳೆಯಿರಿ.

ಹೋಸು, ಥ್ರೆಡ್ಡು, ಎಣ್ಣೆ

ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದ ಕಡೆ ಹೋದರೆ ಹೋಸ್ ಕತ್ತರಿಸಿ, ತುದಿಗೆ ಫಿಟ್ಟಿಂಗ್ ಒತ್ತಿ ಕೂರಿಸಿ (ಕ್ರಿಂಪ್) ಕೊಡುವವರು ಸಿಗುತ್ತಾರೆ. ಹೋಗುವಾಗ ಬರೀ ಉದ್ದ ಹೇಳಬೇಡಿ, ಮೂರು ವಿಷಯ ಹೇಳಿ: ಯಾವ ದಾರಿಗೆ, ಎಷ್ಟು ಒತ್ತಡ, ಎರಡೂ ತುದಿಗೆ ಯಾವ ಥ್ರೆಡ್.

ನಿಮಿಷಕ್ಕೆ 42 ಲೀಟರಿನ ಮಿಷನ್ನಿಗೆ ಒತ್ತಡದ ದಾರಿಗೆ ಅರ್ಧ ಇಂಚು, ವಾಪಸ್ ದಾರಿಗೆ ಮುಕ್ಕಾಲು ಇಂಚು, ಟ್ಯಾಂಕಿನಿಂದ ಪಂಪಿಗೆ ಬರುವ ಸಕ್ಷನ್‌ಗೆ ಒಂದೂಕಾಲು ಇಂಚು. ಈ ಅಳತೆಯಲ್ಲಿ ಎಣ್ಣೆಯ ವೇಗ ಸೆಕೆಂಡಿಗೆ ಐದೂವರೆ ಮೀಟರ್, ಎರಡೂವರೆ ಮೀಟರ್ ಮತ್ತು ಒಂದು ಮೀಟರಿಗಿಂತ ಕಡಿಮೆ ಆಗುತ್ತದೆ. ಸಕ್ಷನ್‌ನಲ್ಲಿ ವೇಗ ಹೆಚ್ಚಾದರೆ ಪಂಪು ಎಣ್ಣೆ ಸಿಗದೆ ಗೊರಗುಟ್ಟುತ್ತದೆ. ‘ಇದ್ದ ಪೈಪೇ ಹಾಕಿಬಿಡೋಣ’ ಎಂದು ವಾಪಸ್ಸಿಗೂ ಅರ್ಧ ಇಂಚು ಹಾಕಿದರೆ ತೊಂದರೆ ತಕ್ಷಣ ಕಾಣುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಟ್ಯಾಂಕು ಮುಟ್ಟಲಾಗದಷ್ಟು ಬಿಸಿಯಾದಾಗ ಗೊತ್ತಾಗುತ್ತದೆ.

ಒತ್ತಡದ ಹೋಸಿಗೆ ಎರಡು ತಂತಿ ಪದರದ್ದೇ ಬೇಕು. ಅರ್ಧ ಇಂಚಿನಲ್ಲಿ ಒಂದು ಪದರದ ಹೋಸಿನ ಕೆಲಸದ ಒತ್ತಡ 160 ಬಾರ್, ಎರಡು ಪದರದ್ದು 275 ಬಾರ್. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಮೈಮೇಲೆ ಅಚ್ಚಾಗಿರುವ ಗೆರೆ ಓದಿ ಕೊಳ್ಳಿ. ಎರಡು ಪದರದ ಅರ್ಧ ಇಂಚಿನ ಹೋಸನ್ನು 180 ಮಿ.ಮೀ.ಗಿಂತ ಚಿಕ್ಕ ತ್ರಿಜ್ಯಕ್ಕೆ ಬಗ್ಗಿಸಬಾರದು. ಒತ್ತಡ ಬಂದಾಗ ಹೋಸ್ ಸ್ವಲ್ಪ ಗಿಡ್ಡವಾಗುತ್ತದೆ, ಹಾಗಾಗಿ ಬೂಮನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ಕೈಯಿಂದ ತಿರುಗಿಸಿ ನೋಡಿ ಅದರ ಮೇಲೆ ನಾಲ್ಕು ಬೆರಳಷ್ಟು ಸಡಿಲ ಬಿಡಿ.

ಥ್ರೆಡ್ಡಿನಲ್ಲಿ ಮೋಸ ಹೋಗುವುದು ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ. ಬಿಎಸ್‌ಪಿ ಮತ್ತು ಎನ್‌ಪಿಟಿ ಎಂಬ ಎರಡು ಬಗೆಯ ಪೈಪ್ ಥ್ರೆಡ್ಡಿನಲ್ಲೂ ಇಂಚಿಗೆ 14 ಸುತ್ತು. ಒಂದರಲ್ಲಿ ಹಲ್ಲಿನ ಕೋನ 55 ಡಿಗ್ರಿ, ಇನ್ನೊಂದರಲ್ಲಿ 60. ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ, ಬಿಗಿಯಾಯಿತಲ್ಲ ಎಂದು ಬಿಡುತ್ತಾರೆ. ಒತ್ತಡ ಬಂದ ದಿನ ಎರಕದ ಪೋರ್ಟು ಸೀಳುತ್ತದೆ. ಬಿಎಸ್‌ಪಿ ನೇರ ಥ್ರೆಡ್ಡಿಗೆ ಡೌಟಿ ವಾಷರ್ (ಒಳಅಂಚಿಗೆ ರಬ್ಬರ್ ಇರುವ ಲೋಹದ ವಾಷರ್) ಹಾಕಬೇಕು. ಟೆಫ್ಲಾನ್ ಟೇಪ್ ಬೇಡವೇ ಬೇಡ: ಅದರ ಎಳೆ ಕಿತ್ತು ಹೋಗಿ ವಾಲ್ವಿನ ಸ್ಪೂಲಿನಲ್ಲಿ (ಲಿವರ್ ಎಳೆದಾಗ ಒಳಗೆ ಜಾರುವ ಕಡ್ಡಿ) ಸಿಕ್ಕಿಕೊಳ್ಳುತ್ತದೆ.

ಬೇರೆ ಟ್ಯಾಂಕು ಇದ್ದರೆ ನಮ್ಮ ಬಿಸಿಲಿಗೆ 68 ಗ್ರೇಡ್ ಹೈಡ್ರಾಲಿಕ್ ಎಣ್ಣೆ. 80 ಲೀಟರಿನ ಟ್ಯಾಂಕಾದರೆ 20 ಲೀಟರಿನ ಐದು ಬಕೆಟ್ ತನ್ನಿ, ಒಣಗಿದ ಸಿಲಿಂಡರುಗಳೂ ಹೋಸುಗಳೂ ಮೊದಲ ಸಲ 12ರಿಂದ 15 ಲೀಟರ್ ಕುಡಿಯುತ್ತವೆ. ಟ್ರ್ಯಾಕ್ಟರಿನ ಸ್ವಂತ ಎಣ್ಣೆ ಬಳಸುವುದಾದರೆ ಕಂಪನಿ ಹೇಳಿದ ಟ್ರಾನ್ಸ್‌ಮಿಷನ್ ಎಣ್ಣೆಯೇ ಬ್ಯಾಕ್‌ಹೋ ಒಳಗೂ ಇರಬೇಕು. ಬೇರೆಯವರ ಬ್ಯಾಕ್‌ಹೋ ಎರವಲು ತಂದು ಜೋಡಿಸಿದಾಗ ಅದರೊಳಗಿನ ಎಣ್ಣೆ ನಿಮ್ಮ ಗೇರ್‌ಬಾಕ್ಸಿಗೆ ಬರುತ್ತದೆ ಎನ್ನುವುದನ್ನು ಮರೆಯಬೇಡಿ. ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಇರುವ ಟ್ರ್ಯಾಕ್ಟರಿಗೆ ಬರೀ ಹೈಡ್ರಾಲಿಕ್ ಎಣ್ಣೆ ಸೇರಿದರೆ ಬ್ರೇಕ್ ಕಿರುಗುಟ್ಟುತ್ತದೆ, ಪ್ಲೇಟು ಸವೆಯುತ್ತದೆ.

ಬೇರೆ ಪಂಪು, ಬೇರೆ ಟ್ಯಾಂಕು: ಜೋಡಿಸುವ ಕ್ರಮ

1. ಟ್ಯಾಂಕು ಒಳಗೆ ನೋಡಿ. ವೆಲ್ಡಿಂಗಿನ ಕಿಟ್ಟ, ಮರಳು ಇದ್ದರೆ ಡೀಸೆಲ್ಲಿನಲ್ಲಿ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಹತ್ತಿಯ ವೇಸ್ಟ್ ಬಳಸಬೇಡಿ. ಸಕ್ಷನ್ ಮತ್ತು ವಾಪಸ್ ಪೈಪುಗಳ ನಡುವೆ ಅಡ್ಡ ತಗಡು ಇರಬೇಕು. ವಾಪಸ್ ಪೈಪಿನ ತುದಿ ಎಣ್ಣೆಯಲ್ಲಿ ಮುಳುಗಿರಬೇಕು, ಮೇಲಿನಿಂದ ಧುಮುಕಿದರೆ ನೊರೆ ಏಳುತ್ತದೆ.

2. ಪಂಪು ಯಾವ ಕಡೆಗೆ ಸುತ್ತುವಂಥದ್ದು ಎಂದು ನೋಡಿ. ಇದನ್ನು ಯಾವಾಗಲೂ ಪಂಪಿನ ಶಾಫ್ಟಿನ ತುದಿಯಿಂದ ನೋಡಿ ಹೇಳುತ್ತಾರೆ. ಟ್ರ್ಯಾಕ್ಟರಿನ ಮುಂದೆ ನಿಂತರೆ ಕ್ರ್ಯಾಂಕು ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಅದರ ಎದುರಿಗೆ ಕೂರುವ ಪಂಪಿಗೆ ಅದೇ ಎಡಸುತ್ತು ಆಗುತ್ತದೆ. ಆದ್ದರಿಂದ ಮುಂದಿನ ಪಂಪು ಎಡಸುತ್ತಿನದು ಬೇಕು. ಪಿಟಿಒ ಗೇರ್‌ಬಾಕ್ಸ್ ಒಂದು ಜೋಡಿ ಗೇರಿನದಾದರೆ ದಿಕ್ಕು ಮತ್ತೆ ತಿರುಗಿ ಬಲಸುತ್ತಿನ ಪಂಪು ಕೂರುತ್ತದೆ. ತಪ್ಪು ಪಂಪು ಹಾಕಿದರೆ ಒತ್ತಡ ಶಾಫ್ಟ್ ಸೀಲಿನ ಕಡೆ ಬಂದು ಸ್ಟಾರ್ಟ್ ಮಾಡಿದ ಕ್ಷಣದಲ್ಲೇ ಸೀಲು ಹೊರಗೆ ಹಾರುತ್ತದೆ.

3. ಪಿಟಿಒ ಪಂಪನ್ನು ಸ್ಪ್ಲೈನಿಗೆ ಗ್ರೀಸ್ ಸವರಿ ಸಿಕ್ಕಿಸಿ. ಪಂಪಿನ ಮೈ ತಾನೇ ಸುತ್ತದಂತೆ ಹಿಡಿಯುವ ಟಾರ್ಕ್ ಪಟ್ಟಿಯನ್ನು ಫ್ರೇಮಿಗೆ ಕಟ್ಟಿ, ಆದರೆ ಪೂರ್ತಿ ಬಿಗಿಯಬೇಡಿ. ಎರಡು ಮೂರು ಮಿ.ಮೀ ಆಡುವಂತಿರಲಿ, ಇಲ್ಲದಿದ್ದರೆ ಪಿಟಿಒ ಬೇರಿಂಗಿಗೆ ಪೆಟ್ಟು. ಹೋಸುಗಳೇ ಪಂಪನ್ನು ಹಿಡಿದಿರಲಿ ಎಂದು ಬಿಟ್ಟರೆ ಪಂಪು ಸುತ್ತಿ ಹೋಸನ್ನು ಹಗ್ಗದಂತೆ ಹೊಸೆದುಬಿಡುತ್ತದೆ.

4. ಸಕ್ಷನ್ ಹೋಸ್ ಒಳಗೆ ಸುರುಳಿ ತಂತಿ ಇರುವಂಥದ್ದೇ ಹಾಕಿ, ಎರಡೂ ತುದಿಗೆ ಎರಡೆರಡು ಕ್ಲಾಂಪ್. ನೀರಿನ ಪಂಪ್‌ಸೆಟ್ಟಿನ ಹಸಿರು ಪೈಪು ಇಲ್ಲಿ ನಡೆಯದು. ಬಿಸಿ ಎಣ್ಣೆಗೆ ಮೆತ್ತಗಾಗಿ ಒಳಕ್ಕೆ ಚಪ್ಪಟೆಯಾಗುತ್ತದೆ.

5. ಪಂಪಿನ ಹೊರಬಾಯಿಯಿಂದ ಬ್ಯಾಕ್‌ಹೋ ಕಂಟ್ರೋಲ್ ವಾಲ್ವಿನ ‘ಪಿ’ ಪೋರ್ಟಿಗೆ (ಎಣ್ಣೆ ಒಳಬರುವ ಬಾಯಿ) ಒತ್ತಡದ ಹೋಸ್. ನಡುವೆ ಒಂದು ಟೀ ಜಾಯಿಂಟ್ ಹಾಕಿ 0–250 ಬಾರ್ ಗ್ಲಿಸರಿನ್ ಗೇಜ್ ಕೂರಿಸಿ. ಆ ಗೇಜಿನ ದುಡ್ಡು ಉಳಿಸಲು ಹೋಗಬೇಡಿ.

6. ವಾಲ್ವಿನ ‘ಟಿ’ ಪೋರ್ಟಿನಿಂದ (ಎಣ್ಣೆ ಟ್ಯಾಂಕಿಗೆ ಹೊರಡುವ ಬಾಯಿ) ವಾಪಸ್ ಫಿಲ್ಟರಿಗೆ, ಅಲ್ಲಿಂದ ಟ್ಯಾಂಕಿಗೆ. ಈ ದಾರಿಯಲ್ಲಿ ಗೇಟ್ ವಾಲ್ವ್, ಬಾಲ್ ವಾಲ್ವ್ ಏನೂ ಬೇಡ. ಕ್ವಿಕ್ ಕಪ್ಲಿಂಗ್ ಕೂಡ ಆದಷ್ಟೂ ಬೇಡ. ಅರ್ಧ ಸಿಕ್ಕಿಕೊಂಡ ಕಪ್ಲಿಂಗ್ ಮುಚ್ಚಿದ ಬಾಗಿಲಿದ್ದಂತೆ. ಗೇರ್ ಪಂಪು ತಳ್ಳಿದ ಎಣ್ಣೆ ಎಲ್ಲಿಗಾದರೂ ಹೋಗಲೇಬೇಕು, ದಾರಿ ಸಿಗದಿದ್ದರೆ ಮೊದಲು ಫಿಲ್ಟರ್ ಉಬ್ಬುತ್ತದೆ, ಆಮೇಲೆ ಸ್ಪೂಲಿನ ಸೀಲು. ಕಪ್ಲಿಂಗ್ ಹಾಕಲೇಬೇಕೆಂದರೆ ಒಂದು ಅಳತೆ ದೊಡ್ಡದು ಹಾಕಿ.

ಟ್ಯಾಂಕಿನ ಬ್ರೀದರ್ (ಗಾಳಿಯಾಡುವ ಮುಚ್ಚಳ) ಎತ್ತರದಲ್ಲಿರಲಿ. ಕಬ್ಬಿನ ತರಗಿನ ಧೂಳು ಅದನ್ನು ಬೇಗ ಕಟ್ಟುತ್ತದೆ. ಬ್ರೀದರ್ ಕಟ್ಟಿದರೂ ಪಂಪಿಗೆ ಎಣ್ಣೆ ಸಿಗುವುದಿಲ್ಲ, ಜನ ಸುಮ್ಮನೆ ಪಂಪು ಬದಲಾಯಿಸುತ್ತಾರೆ.

ಟ್ರ್ಯಾಕ್ಟರಿನ ಸ್ವಂತ ಪಂಪಿನಿಂದ ತೆಗೆಯುವುದಾದರೆ

ಸಾಮಾನ್ಯವಾಗಿ ಮಾಡುವುದು ಇದು: ಟ್ರಾಲಿ ಎತ್ತುವ ಡಿಸಿ ವಾಲ್ವಿನ (ಎಣ್ಣೆಯ ದಿಕ್ಕು ಬದಲಿಸುವ ವಾಲ್ವ್) ಎರಡು ಕಪ್ಲಿಂಗಿಗೆ ಬ್ಯಾಕ್‌ಹೋದ ಎರಡು ಹೋಸ್ ಸಿಕ್ಕಿಸಿ, ಲಿವರನ್ನು ಹಳೇ ಟ್ಯೂಬಿನ ರಬ್ಬರಿನಿಂದ ಎಳೆದು ಕಟ್ಟುವುದು. ಕೆಲಸ ನಡೆಯುತ್ತದೆ, ಆದರೆ ಎರಡು ಕೆಡುಕಿದೆ. ವಾಪಸ್ ಎಣ್ಣೆ ಡಿಸಿ ವಾಲ್ವಿನ ಸಣ್ಣ ಕಿಂಡಿಗಳಲ್ಲಿ ನುಸುಳಿ ಬರಬೇಕು. ಅಲ್ಲಿ 20 ಬಾರ್ ತಡೆ ಇದ್ದರೂ 40 ಲೀಟರಿನ ಹರಿವಿಗೆ ಸುಮಾರು 1.3 ಕಿಲೋವ್ಯಾಟ್ ಶಾಖ ದಿನವಿಡೀ ಎಣ್ಣೆಗೆ ಸೇರುತ್ತಿರುತ್ತದೆ. ಎರಡನೆಯದು ಇನ್ನೂ ಅಪಾಯ: ಯಾರಾದರೂ ಲಿವರನ್ನು ಆಚೆ ಬದಿಗೆ ತಳ್ಳಿದರೆ ಪೂರ್ತಿ ಒತ್ತಡ ಬ್ಯಾಕ್‌ಹೋ ವಾಲ್ವಿನ ‘ಟಿ’ ಬಾಯಿಗೆ ನುಗ್ಗಿ ಎರಕದ ಬಾಡಿ ಸೀಳುತ್ತದೆ. ಬ್ಯಾಕ್‌ಹೋ ವಾಲ್ವಿನ ಒಳಗಿರುವ ರಿಲೀಫ್ ಕಾಯುವುದು ‘ಪಿ’ ಬದಿಯನ್ನು ಮಾತ್ರ.

ಅದಕ್ಕೆ ಕನಿಷ್ಠ ಪರಿಹಾರವೆಂದರೆ ಒತ್ತಡದ ಹೋಸನ್ನು ಡಿಸಿ ವಾಲ್ವಿನಿಂದ ತಂದು, ವಾಪಸ್ ಹೋಸನ್ನು ಡಿಸಿ ವಾಲ್ವಿಗೆ ಕೊಡದೆ ನೇರವಾಗಿ ಗೇರ್‌ಬಾಕ್ಸ್ ಕೇಸಿನ ವಾಪಸ್ ಪ್ಲಗ್ಗಿಗೆ ಕೊಡುವುದು. ಆಗ ಲಿವರ್ ತಪ್ಪು ಕಡೆ ಹೋದರೂ ಎಣ್ಣೆ ಖಾಲಿ ಕಪ್ಲಿಂಗಿಗೆ ತಡೆದು ಟ್ರ್ಯಾಕ್ಟರಿನ ರಿಲೀಫ್ ತೆರೆಯುತ್ತದೆ, ಅಷ್ಟೇ.

ಸರಿಯಾದ ದಾರಿ ಕ್ಯಾರಿ ಓವರ್. ಪಂಪಿನ ಎಣ್ಣೆ ಮೊದಲು ಬ್ಯಾಕ್‌ಹೋ ವಾಲ್ವಿಗೆ ಬಂದು, ಅಲ್ಲಿ ಯಾವ ಲಿವರೂ ಎಳೆಯದಿದ್ದಾಗ ಮುಂದೆ ಟ್ರ್ಯಾಕ್ಟರಿನ ಲಿಫ್ಟಿಗೆ ಹೋಗುವ ಏರ್ಪಾಡು. ವಾಲ್ವಿನ ಕೊನೆಯ ಮುಖದಲ್ಲಿ ಒಂದು ದೊಡ್ಡ ಪ್ಲಗ್ ಇರುತ್ತದೆ. ಅದನ್ನು ಬಿಚ್ಚಿ ಒಳಗೆ ಬೆಳಕು ಬಿಟ್ಟು ನೋಡಿದರೆ ನಡುವಿನ ಕಾಲುವೆ ಒಂದು ಅಡ್ಡ ರಂಧ್ರದಿಂದ ‘ಟಿ’ ಕಡೆಗೆ ಸೇರುವುದು ಕಾಣುತ್ತದೆ. ಪ್ಲಗ್ಗಿನ ಜಾಗಕ್ಕೆ ಕ್ಯಾರಿ ಓವರ್ ಸ್ಲೀವ್ ಹಾಕಿದಾಗ, ಅದರ ಮೂತಿಯ ಓ-ರಿಂಗ್ ಆ ಅಡ್ಡ ರಂಧ್ರವನ್ನು ಮುಚ್ಚಿ ಎಣ್ಣೆಯನ್ನು ಸ್ಲೀವಿನ ಹೊಟ್ಟೆಯೊಳಗಿಂದ ಹೊರಕ್ಕೆ ತರುತ್ತದೆ. ಸ್ಲೀವ್ ಆಯಾ ವಾಲ್ವಿನ ಕಂಪನಿಯದೇ ಬೇಕು. ಉದ್ದ ಎರಡು ಮಿ.ಮೀ ಕಡಿಮೆಯಾದರೂ ಓ-ರಿಂಗ್ ಕೂರುವುದಿಲ್ಲ. ಆಗ ಬ್ಯಾಕ್‌ಹೋ ಚೆನ್ನಾಗಿ ನಡೆಯುತ್ತದೆ, ಲಿಫ್ಟ್ ಮಾತ್ರ ಏಳುವುದಿಲ್ಲ.

ಈಗ ವಾಲ್ವಿಗೆ ಮೂರು ದಾರಿ: ಒಳಬರುವುದು, ಲಿಫ್ಟಿಗೆ ಮುಂದೆ ಹೋಗುವುದು, ಟ್ಯಾಂಕಿಗೆ ವಾಪಸ್. ಪೈಪು ಉಳಿಸಲು ಕೊನೆಯ ಎರಡನ್ನು ಟೀ ಜಾಯಿಂಟ್ ಹಾಕಿ ಸೇರಿಸಬೇಡಿ. ಲಿಫ್ಟ್ ನೇಗಿಲು ಎತ್ತುವಾಗ ಅದರ ಒತ್ತಡವೆಲ್ಲ ‘ಟಿ’ ಬಾಯಿಗೆ ಹಿಂದಿರುಗುತ್ತದೆ.

ಗೇರ್‌ಬಾಕ್ಸ್ ಎಣ್ಣೆಯ ಮಟ್ಟವನ್ನು ಬ್ಯಾಕ್‌ಹೋ ಒಮ್ಮೆ ಪೂರ್ತಿ ಆಡಿಸಿದ ಮೇಲೆ ಮತ್ತೆ ಅಳೆದು ತುಂಬಿ.

ಮೊದಲ ಸ್ಟಾರ್ಟ್

ಪಂಪಿನ ಹೊರಬಾಯಿಯಿಂದ ಒಂದು ಲೋಟ ಎಣ್ಣೆ ಹೊಯ್ಯಿರಿ, ಒಣ ಗೇರ್ ಕೆಲವೇ ಸೆಕೆಂಡಿನಲ್ಲಿ ಗೀರು ಬೀಳುತ್ತದೆ. ಟ್ಯಾಂಕು ತುಂಬಿ, ರಿಲೀಫ್ ಸ್ಕ್ರೂ ಪೂರ್ತಿ ಸಡಿಲಿಸಿ. ಮುಂದಿನ ಪಂಪಾದರೆ ಎಂಜಿನ್ ಸ್ಟಾಪ್ ಎಳೆದು ಹಿಡಿದು ಹತ್ತು ಸೆಕೆಂಡು ಸೆಲ್ಫ್ ಹೊಡೆಯಿರಿ, ಆಮೇಲೆ ಸ್ಟಾರ್ಟ್ ಮಾಡಿ ಐಡಲಿನಲ್ಲೇ ಐದು ನಿಮಿಷ ಬಿಡಿ. ಪಿಟಿಒ ಪಂಪಾದರೆ ಐಡಲಿನಲ್ಲಿ ಕ್ಲಚ್ ನಿಧಾನವಾಗಿ ಬಿಡಿ. ಟ್ಯಾಂಕಿನ ಬಾಯಿಯಲ್ಲಿ ನೋಡುತ್ತಿರಿ: ಎಣ್ಣೆ ವಾಪಸ್ ಬಂದು ಮೇಲ್ಮೈ ಕದಡಬೇಕು. ಅರ್ಧ ನಿಮಿಷದಲ್ಲಿ ಏನೂ ಕಾಣದಿದ್ದರೆ ನಿಲ್ಲಿಸಿ.

ಗಾಳಿ ತೆಗೆಯುವಾಗ ಮೊದಲು ಸ್ಟೆಬಿಲೈಸರ್ ಕಾಲುಗಳು, ಆಮೇಲೆ ಬಕೆಟ್, ಡಿಪ್ಪರ್ (ಬಕೆಟ್ ಹಿಡಿದ ಎರಡನೇ ತೋಳು), ಬೂಮ್, ಕೊನೆಗೆ ಸ್ವಿಂಗ್. ಸ್ವಲ್ಪ ಸ್ವಲ್ಪವೇ ಸ್ಕ್ರೂ ಬಿಗಿಯುತ್ತ, ಬೂಮ್ ತನ್ನ ಭಾರ ತಾನು ಎತ್ತುವಷ್ಟು ಒತ್ತಡದಲ್ಲಿ ಪ್ರತಿಯೊಂದನ್ನೂ ಐದಾರು ಸಲ ಪೂರ್ತಿ ಆಡಿಸಿ. ಈ ಹೊತ್ತಿನಲ್ಲಿ ಬೂಮಿನ ಕೆಳಗೆ ಯಾರೂ ಇರಬಾರದು, ಗಾಳಿ ತುಂಬಿದ ಸಿಲಿಂಡರ್ ಹಠಾತ್ತನೆ ಬೀಳುತ್ತದೆ.

ಎಣ್ಣೆ ಉಗುರು ಬೆಚ್ಚಗಾದ ಮೇಲೆ, ಕೆಲಸದ ವೇಗದಲ್ಲಿ, ಬಕೆಟನ್ನು ಪೂರ್ತಿ ಮಡಚಿ ಲಿವರ್ ಹಿಡಿದು ಗೇಜ್ ನೋಡಿ. ಸ್ಕ್ರೂವನ್ನು ಕಾಲು ಕಾಲು ಸುತ್ತು ಬಿಗಿಯುತ್ತ ಬ್ಯಾಕ್‌ಹೋ ತಯಾರಕರು ಹೇಳಿದ ಅಂಕಿಗೆ ತಂದು ಚೆಕ್ ನಟ್ ಬಿಗಿಯಿರಿ. ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ: 170 ಬಾರ್‌ನಲ್ಲಿ 42 ಲೀಟರ್ ರಿಲೀಫಿನಿಂದ ಹಾಯುವಾಗ ಹುಟ್ಟುವ ಶಾಖ ಸುಮಾರು 12 ಕಿಲೋವ್ಯಾಟ್, ಅಂದರೆ ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರ್ ಆರು ಒಟ್ಟಿಗೆ ಹಾಕಿದಷ್ಟು.

ಸೋರಿಕೆ ಹುಡುಕಲು ಕೈ ಆಡಿಸಬೇಡಿ, ರಟ್ಟು ಹಿಡಿದು ನೋಡಿ. ಸೂಜಿಮೊನೆ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟೇ ಕಾಣುತ್ತದೆ, ಒಳಗೆ ಮಾಂಸ ಸಾಯತೊಡಗುತ್ತದೆ. ಹಾಗಾದರೆ ನೋವಿಲ್ಲವೆಂದು ಕಾಯದೆ ಅದೇ ಗಂಟೆಯಲ್ಲಿ ಆಪರೇಷನ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಹೋಗಿ, ‘ಒತ್ತಡದ ಎಣ್ಣೆ ಒಳಹೊಕ್ಕಿದೆ’ ಎಂದು ಬಿಡಿಸಿ ಹೇಳಿ.

ಏನು ಕೆಟ್ಟರೆ ಎಲ್ಲಿ ನೋಡಬೇಕು

ಪಂಪು ಕಿರುಚುತ್ತಿದ್ದರೆ, ಎಣ್ಣೆ ಮಜ್ಜಿಗೆಯಂತೆ ಬಿಳಚಿದ್ದರೆ ಸಕ್ಷನ್ನಿನಲ್ಲಿ ಗಾಳಿ ಎಳೆಯುತ್ತಿದೆ. ಅಲ್ಲಿ ಎಣ್ಣೆ ಹೊರಗೆ ಸೋರುವುದಿಲ್ಲವಾದ್ದರಿಂದ ಕಣ್ಣಿಗೆ ಕಾಣದು. ಪಂಪು ಓಡುತ್ತಿರುವಾಗ ತಿರುಗುವ ಶಾಫ್ಟಿನಿಂದ ದೂರವಿರುವ ಒಂದೊಂದೇ ಜಾಯಿಂಟಿಗೆ ಗ್ರೀಸ್ ಮೆತ್ತುತ್ತ ಹೋಗಿ. ಯಾವುದಕ್ಕೆ ಮೆತ್ತಿದಾಗ ಸದ್ದು ತಗ್ಗುತ್ತದೋ ಅದೇ ಕಳ್ಳ. ಬಿಳುಪು ರಾತ್ರಿ ಕಳೆದರೂ ಇಳಿಯದಿದ್ದರೆ ಅದು ನೀರು.

ಬೆಳಿಗ್ಗೆ ಚುರುಕು, ಮಧ್ಯಾಹ್ನ ಸೋಮಾರಿ ಎಂದರೆ ಪಂಪು ಸವೆದಿದೆ ಅಥವಾ ಎಣ್ಣೆ ತೆಳು. ಒಂದೇ ಚಲನೆ ನಿಧಾನವಾದರೆ ಪಂಪನ್ನು ಬಿಡಿ, ಆ ಸಿಲಿಂಡರಿನ ಪಿಸ್ಟನ್ ಸೀಲ್ ನೋಡಿ: ಪೂರ್ತಿ ಚಾಚಿ, ಎಂಜಿನ್ ನಿಲ್ಲಿಸಿ ಒತ್ತಡ ಇಳಿಸಿ, ರಾಡ್ ಬದಿಯ ಹೋಸ್ ಕಳಚಿ, ಅದರ ತುದಿಗೆ ಪ್ಲಗ್ ಹಾಕಿ, ಮತ್ತೆ ಚಾಚುವ ಕಡೆಗೆ ಒತ್ತಿ. ಸಿಲಿಂಡರಿನ ತೆರೆದ ಬಾಯಿಂದ ಎಣ್ಣೆ ನಿಲ್ಲದೆ ಬಂದರೆ ಸೀಲ್ ಹೋಗಿದೆ. ನಿಂತಲ್ಲೇ ಸ್ಟೆಬಿಲೈಸರ್ ಕಾಲು ಕುಸಿಯುತ್ತಿದ್ದರೆ ಲಾಕ್ ವಾಲ್ವಿನಲ್ಲಿ ಕಸ ಕೂತಿರುತ್ತದೆ, ಬಿಚ್ಚಿ ತೊಳೆದರೆ ಬಹಳ ಸಲ ಸರಿಹೋಗುತ್ತದೆ.

ಮೊದಲ ದಿನದ ಕೆಲಸದ ನಂತರ ಎಲ್ಲ ಜಾಯಿಂಟು, ಫ್ರೇಮ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಮೊದಲ ಫಿಲ್ಟರನ್ನು 50 ಗಂಟೆಗೇ ಬದಲಿಸಿ, ಹೊಸ ಮಿಷನ್ನಿನ ಒಳಗಿದ್ದ ಕಬ್ಬಿಣದ ಪುಡಿಯೆಲ್ಲ ಅದರಲ್ಲಿ ಸಿಕ್ಕಿರುತ್ತದೆ.

ಕಳಚುವಾಗ

ಬಕೆಟ್ ಮತ್ತು ಕಾಲುಗಳನ್ನು ನೆಲಕ್ಕೆ ಊರಿ, ಎಂಜಿನ್ ನಿಲ್ಲಿಸಿ, ಎಲ್ಲ ಲಿವರುಗಳನ್ನು ಎರಡೂ ಕಡೆ ಎರಡೆರಡು ಸಲ ಆಡಿಸಿ ಒತ್ತಡ ಇಳಿಸಿದ ಮೇಲೆಯೇ ಹೋಸ್ ಬಿಚ್ಚಿ. ಹಾಗೆ ಮಾಡದೆ ಕಳಚಿದ ಹೋಸ್ ಏಪ್ರಿಲ್ ಬಿಸಿಲಿನಲ್ಲಿ ಬಿದ್ದಿದ್ದರೆ ಒಳಗಿನ ಎಣ್ಣೆ ಹಿಗ್ಗಿ ಮತ್ತೆ ಕಪ್ಲಿಂಗ್ ಸೇರುವುದೇ ಇಲ್ಲ. ಆಗ ಸುತ್ತಿಗೆ ಎತ್ತಿಕೊಳ್ಳುವವರೇ ಹೆಚ್ಚು, ಒಂದೇ ಏಟಿಗೆ ಕಪ್ಲಿಂಗಿನ ಮೂತಿ ಡೊಂಕಾಗಿ ಆಮೇಲೆ ಜೀವಮಾನವಿಡೀ ಸೋರುತ್ತದೆ. ಹೋಸನ್ನು ನೆರಳಿಗೆ ಎಳೆದು ತಣ್ಣಗಾಗಲು ಬಿಟ್ಟು, ಬ್ಯಾಕ್‌ಹೋ ಲಿವರುಗಳನ್ನು ಆಡಿಸಿ ನೋಡಿ. ಬಿಚ್ಚಿದ ಬಾಯಿಗಳಿಗೆಲ್ಲ ಅಳತೆಯ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಗೋಣಿಚೀಲದ ತುಂಡು ತುರುಕಿದರೆ ಅದರ ನಾರು ಮುಂದಿನ ಸಲ ಸ್ಪೂಲಿಗೆ ಹೋಗುತ್ತದೆ.